ಕಾದಂಬರಿಯಿಂದ ಕಿರುತೆರೆಗೆ: ಹಳೆಯ ರೂಪಾಂತರವನ್ನು ತೂಗಿ ನೋಡುವ ಬಗೆ

ಹೆಸರಾಂತ ಕಾದಂಬರಿಯೊಂದನ್ನು ಆಧರಿಸಿ ನಲವತ್ತು ಐವತ್ತು ವರ್ಷಗಳ ಹಿಂದೆ ತಯಾರಾದ ಧಾರಾವಾಹಿಯನ್ನು ಇಂದು ನೋಡಲು ಕುಳಿತವರು ಸಾಮಾನ್ಯವಾಗಿ ಮೊದಲ ಹದಿನೈದು ನಿಮಿಷಗಳಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ಬೆಳಕು ಚಪ್ಪಟೆಯಾಗಿದೆ, ಗೋಡೆಗಳು ಸೆಟ್ಟಿನವೆಂದು ಗೊತ್ತಾಗುತ್ತದೆ, ನಟರು ರಂಗದ ಮೇಲೆ ನಿಂತವರಂತೆ ಮಾತನಾಡುತ್ತಾರೆ, ಕಥೆ ಮುಂದಕ್ಕೇ ಹೋಗುವುದಿಲ್ಲ ಎಂಬ ದೂರುಗಳು ಒಂದರ ಹಿಂದೊಂದು ಬರುತ್ತವೆ. ಜೇನ್ ಆಸ್ಟೆನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನು ಬಿಬಿಸಿ 1980ರಲ್ಲಿ ಐದು ಕಂತುಗಳಾಗಿ ತೆರೆಗೆ ತಂದಿತ್ತು. ಅದನ್ನು ನಾನೂ ಹೀಗೆಯೇ ಮೊದಲ ಕಂತಿನ ನಡುವೆ ನಿಲ್ಲಿಸಿ ಎದ್ದಿದ್ದೆ. 1995ರ ಆರು ಕಂತುಗಳ ರೂಪಾಂತರ ಅಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತ್ತು, ಅದರ ಹಸಿರು ಬಯಲು, ಓಡುವ ಕುದುರೆಗಳು, ಕಿಟಕಿಯಿಂದ ಬೀಳುವ ಬಿಸಿಲು ಇಲ್ಲದ್ದೆಲ್ಲ ನನಗೆ ಬಡತನದಂತೆ ಕಂಡಿತ್ತು. ಕೆಲವು ವರ್ಷಗಳ ನಂತರ ಹಳೆಯದನ್ನು ಮತ್ತೆ ಮೊದಲಿನಿಂದ ಕೊನೆಯವರೆಗೆ ನೋಡಿದಾಗ, ನಾನು ಹಿಂದೆ ಕೊಟ್ಟಿದ್ದ ತೀರ್ಪಿನಲ್ಲಿ ರೂಪಾಂತರದ ಬಗ್ಗೆ ಒಂದು ಮಾತೂ ಇರಲಿಲ್ಲವೆಂದೂ ಇದ್ದದ್ದೆಲ್ಲ ವಿಡಿಯೊ ಟೇಪಿನ ಬಗ್ಗೆ ಎಂದೂ ಅರ್ಥವಾಯಿತು.

ಇಂಥ ಕೃತಿಯನ್ನು ನ್ಯಾಯವಾಗಿ ತೂಗಬೇಕಾದರೆ ಕಣ್ಣಿಗೆ ಬೀಳುವುದನ್ನು ಮೂರು ಪದರಗಳಾಗಿ ಬಿಡಿಸಿಕೊಳ್ಳಬೇಕು. ನಮ್ಮ ಕೈಗೆ ಸಿಕ್ಕಿರುವ ಪ್ರತಿಯ ಸ್ಥಿತಿ ಮೊದಲನೆಯದು. ಆ ಕಾಲದ ತಯಾರಿಕೆಯ ವಿಧಾನ ಹೇರಿದ ಮಿತಿ ಎರಡನೆಯದು. ಆ ಮಿತಿಯೊಳಗೆ ಚಿತ್ರಕಥೆ ಬರೆದವರು, ನಿರ್ದೇಶಕರು ಮತ್ತು ನಟರು ತಾವಾಗಿ ಮಾಡಿದ ಆಯ್ಕೆಗಳು ಮೂರನೆಯದು. ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ತಕ್ಕದ್ದು ಮೂರನೆಯದು ಮಾತ್ರ. ಮೊದಲ ಎರಡನ್ನು ತಿಳಿದುಕೊಳ್ಳುವುದು ಅವುಗಳನ್ನು ಲೆಕ್ಕದಿಂದ ಕಳೆಯುವುದಕ್ಕಾಗಿ. ಬಹಳಷ್ಟು ವಿಮರ್ಶೆಗಳು ಈ ಕಳೆಯುವ ಕೆಲಸವನ್ನೇ ಮಾಡದೆ ಮುಂದಕ್ಕೆ ಹೋಗಿಬಿಡುತ್ತವೆ.

ಪ್ರತಿಯ ಪರೀಕ್ಷೆ

ನೋಡಲು ಆರಂಭಿಸುವ ಮೊದಲು ಚಿತ್ರದ ಚೌಕಟ್ಟನ್ನು ಗಮನಿಸಿ. ಹಳೆಯ ದೂರದರ್ಶನ ಕಾರ್ಯಕ್ರಮಗಳು 4:3 ಅನುಪಾತದ ಪರದೆಗಾಗಿ ತಯಾರಾದವು, ಆದ್ದರಿಂದ ಇಂದಿನ ಅಗಲ ಪರದೆಯಲ್ಲಿ ಎಡಬಲಗಳಲ್ಲಿ ಕಪ್ಪು ಪಟ್ಟಿ ಇರುವುದೇ ಸರಿ. ಪರದೆ ಪೂರ್ತಿ ತುಂಬಿದ್ದರೆ ಎರಡರಲ್ಲಿ ಒಂದು ಆಗಿರುತ್ತದೆ: ಚಿತ್ರವನ್ನು ಅಡ್ಡಕ್ಕೆ ಎಳೆದು ಮುಖಗಳನ್ನು ಅಗಲ ಮಾಡಿರುತ್ತಾರೆ, ಅಥವಾ ಮೇಲೂ ಕೆಳಗೂ ಕತ್ತರಿಸಿರುತ್ತಾರೆ. 4:3ರ ಚಿತ್ರವನ್ನು 16:9ಕ್ಕೆ ಕತ್ತರಿಸಿದರೆ ಚಿತ್ರದ ಸರಿಯಾಗಿ ಕಾಲು ಭಾಗ ಹೋಗುತ್ತದೆ. ನಾನು ಒಮ್ಮೆ ಕೊಂಡ ಡಿಸ್ಕಿನಲ್ಲಿ ಹೀಗೇ ಆಗಿತ್ತು. ಕೂದಲು, ನೆತ್ತಿ, ಮೇಜಿನ ಮೇಲಿನ ಕೈಗಳು ಎಲ್ಲವೂ ಮಾಯವಾಗಿ, ನಿರ್ದೇಶಕನಿಗೆ ಚೌಕಟ್ಟು ಹಾಕುವುದೇ ತಿಳಿಯದೆಂದು ನಾನು ಎರಡು ಕಂತುಗಳವರೆಗೂ ನಂಬಿದ್ದೆ. ಪತ್ರ ಓದುವ ದೃಶ್ಯದಲ್ಲಿ ಪತ್ರವೇ ಕಾಣದೆ ಹೋದಾಗ ಅನುಮಾನ ಬಂತು.

ಎರಡನೆಯದಾಗಿ ಒಟ್ಟು ಅವಧಿಯನ್ನು ತಾಳೆ ನೋಡಿ. ಕಂತುಗಳನ್ನು ಒಟ್ಟಿಗೆ ಹೊಲಿದು ಒಂದು ಉದ್ದದ ಚಲನಚಿತ್ರದಂತೆ ಮಾಡಿದ ಪ್ರತಿಗಳಲ್ಲಿ ಹಲವು ದೃಶ್ಯಗಳು ಕಾಣೆಯಾಗಿರುವುದುಂಟು. ಕಂತಿನ ಕೊನೆಯ ಕುತೂಹಲ ಮತ್ತು ಮುಂದಿನ ಕಂತಿನ ಆರಂಭದ ಶಾಂತಿ ಎರಡೂ ಅಕ್ಕಪಕ್ಕ ಕೂತು, ಲಯವೇ ಕೆಟ್ಟಂತೆ ಅನಿಸುತ್ತದೆ. ಚಲಿಸುವ ಕೈ ಅಥವಾ ಕುದುರೆಯ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಅದು ಹಳೆಯ ವಿಡಿಯೊವನ್ನು ಹೊಸ ಪರದೆಗೆ ಬದಲಿಸುವಾಗ ಆದ ತಪ್ಪು. ಬಣ್ಣದಲ್ಲಿ ತಯಾರಾಗಿ ಕಪ್ಪುಬಿಳುಪು ಪ್ರತಿಯಲ್ಲಿ ಮಾತ್ರ ಉಳಿದುಕೊಂಡ ಕಾರ್ಯಕ್ರಮಗಳೂ ಇವೆ, ಏಕೆಂದರೆ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಅಳಿಸಿ ಮತ್ತೆ ಬಳಸುವುದು ರೂಢಿಯಲ್ಲಿತ್ತು. ಇವೆಲ್ಲ ಕೃತಿಯ ದೋಷಗಳಲ್ಲ, ಹತ್ತು ನಿಮಿಷದಲ್ಲಿ ಪರೀಕ್ಷಿಸಿ ಬದಿಗಿಡಬೇಕಾದ ಸಂಗತಿಗಳು.

ಸ್ಟುಡಿಯೊ ಹೇರಿದ ಮಿತಿ, ಸ್ಟುಡಿಯೊ ಕೊಟ್ಟ ವರ

ತಯಾರಾದ ವರ್ಷವನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ. 1954ರ ಡಿಸೆಂಬರಿನಲ್ಲಿ ಬಿಬಿಸಿ 'ನೈಂಟೀನ್ ಎಯ್ಟಿ-ಫೋರ್' ಕಾದಂಬರಿಯನ್ನು ನೇರಪ್ರಸಾರದಲ್ಲಿ ಅಭಿನಯಿಸಿ ತೋರಿಸಿತು. ಕೆಲವೇ ದಿನಗಳ ನಂತರದ ಎರಡನೆಯ ಪ್ರಸಾರಕ್ಕೆ ನಟರು ಮತ್ತೆ ಸ್ಟುಡಿಯೊಗೆ ಬಂದು ಇಡೀ ನಾಟಕವನ್ನು ಎರಡನೆಯ ಸಲ ಆಡಿದರು, ಇಂದು ಉಳಿದಿರುವುದು ಆ ಎರಡನೆಯ ಪ್ರದರ್ಶನ. ಅಲ್ಲಿ ಒಬ್ಬ ನಟ ಮಾತು ತಡವರಿಸಿದರೆ ಅದನ್ನು ತಿದ್ದಲು ದಾರಿಯೇ ಇರಲಿಲ್ಲ. 1967ರ 'ದಿ ಫಾರ್ಸೈಟ್ ಸಾಗಾ' ಇಪ್ಪತ್ತಾರು ಕಂತುಗಳ ಕಪ್ಪುಬಿಳುಪು ಧಾರಾವಾಹಿ. ಅದು ಟೇಪಿನ ಮೇಲೆ ಮುದ್ರಿತವಾದದ್ದು, ಆದರೆ ಆರಂಭದ ವರ್ಷಗಳಲ್ಲಿ ಟೇಪನ್ನು ಸಂಕಲಿಸಬೇಕಾದರೆ ಬ್ಲೇಡಿನಿಂದ ಕತ್ತರಿಸಿ ಅಂಟಿಸಬೇಕಾಗುತ್ತಿತ್ತು, ಆದ್ದರಿಂದ ಉದ್ದುದ್ದ ದೃಶ್ಯಗಳನ್ನು ಎಡೆಬಿಡದೆ ಆಡಿ ಮುಗಿಸುವ ಪದ್ಧತಿ ನೇರಪ್ರಸಾರದ ಕಾಲ ಮುಗಿದ ಮೇಲೂ ಬಹಳ ದಿನ ಉಳಿಯಿತು.

ಈ ಪದ್ಧತಿಯಲ್ಲಿ ಮೂರು ನಾಲ್ಕು ಕ್ಯಾಮೆರಾಗಳು ಏಕಕಾಲಕ್ಕೆ ಒಂದೇ ಕೋಣೆಯನ್ನು ನೋಡುತ್ತಿರುತ್ತವೆ, ಮೇಲಿನ ಕೋಣೆಯಲ್ಲಿ ಕುಳಿತವರು ಒಂದರಿಂದ ಇನ್ನೊಂದಕ್ಕೆ ಚಿತ್ರವನ್ನು ಅಲ್ಲಿಂದಲೇ ಬದಲಿಸುತ್ತಿರುತ್ತಾರೆ. ಎಲ್ಲ ಕ್ಯಾಮೆರಾಗಳಿಗೂ ಒಂದೇ ಸಲ ಸರಿಹೋಗುವಂತೆ ದೀಪ ಹಾಕಬೇಕಾದ್ದರಿಂದ ಬೆಳಕು ಮೇಲಿನಿಂದ ಸಮನಾಗಿ ಬೀಳುತ್ತದೆ, ನೆರಳಿನ ಸೂಕ್ಷ್ಮ ಸಾಧ್ಯವಾಗುವುದಿಲ್ಲ. ಚಪ್ಪಟೆ ಬೆಳಕಿನ ಮೂಲ ಇದು. ನಟರು ವಾರಗಟ್ಟಲೆ ತಾಲೀಮು ನಡೆಸಿ, ಬಾಡಿಗೆಯ ಗಡಿಯಾರದಂತೆ ಓಡುವ ಸ್ಟುಡಿಯೊ ಸಮಯದಲ್ಲಿ ಮುದ್ರಣ ಮುಗಿಸುತ್ತಿದ್ದರು. ಬಿಬಿಸಿಯ ಸ್ಟುಡಿಯೊಗಳಲ್ಲಿ ರಾತ್ರಿ 10ಕ್ಕೆ ದೀಪ ಆರಿಸುವ ಕಟ್ಟುನಿಟ್ಟು ಇತ್ತು. ಹೊರಾಂಗಣ ದೃಶ್ಯಗಳನ್ನು ಬೇರೆ ದಿನ, ಬೇರೆ ಕ್ಯಾಮೆರಾದಿಂದ, ಸಾಮಾನ್ಯವಾಗಿ 16 ಎಂಎಂ ಫಿಲ್ಮಿನ ಮೇಲೆ ತೆಗೆಯುತ್ತಿದ್ದರು. ಬಾಗಿಲು ದಾಟಿ ತೋಟಕ್ಕೆ ಕಾಲಿಟ್ಟ ಕೂಡಲೆ ಚಿತ್ರದ ಮೈಯೇ ಬದಲಾದಂತೆ ಕಾಣುವುದು ಇದರಿಂದ. ವಿಡಿಯೊದ ಚಲನೆ ನುಣುಪಾಗಿ ಹರಿಯುತ್ತದೆ, ಫಿಲ್ಮಿನದು ಕೊಂಚ ಕಣಕಣವಾಗಿರುತ್ತದೆ. ಅನುಮಾನವಿದ್ದರೆ ಮೇಣದಬತ್ತಿಯಿರುವ ದೃಶ್ಯವನ್ನು ನೋಡಿ: ಹಳೆಯ ವಿಡಿಯೊ ಕ್ಯಾಮೆರಾ ಪಕ್ಕಕ್ಕೆ ತಿರುಗಿದರೆ ಜ್ವಾಲೆಯ ಹಿಂದೆ ಬೆಳಕಿನ ಬಾಲವೊಂದು ಎಳೆದುಕೊಂಡು ಬರುತ್ತದೆ.

ಇದೇ ವಿಧಾನ ಕೊಟ್ಟ ಒಂದು ಲಾಭವನ್ನು ಇಂದಿನ ನೋಡುಗರು ಬಹುತೇಕ ಗಮನಿಸುವುದಿಲ್ಲ. ನಟರಿಬ್ಬರು ಆರೇಳು ನಿಮಿಷದ ಸಂಭಾಷಣೆಯನ್ನು ತುಂಡಾಗದಂತೆ ಆಡುವಾಗ, ಮಾತನಾಡದೆ ಕೇಳಿಸಿಕೊಳ್ಳುತ್ತಿರುವವರ ಮುಖದಲ್ಲಿ ಏನು ನಡೆಯುತ್ತದೆಯೋ ಅದು ನಿಜಕ್ಕೂ ಆ ಮಾತಿಗೆ ಹುಟ್ಟಿದ ಪ್ರತಿಕ್ರಿಯೆಯಾಗಿರುತ್ತದೆ. ಒಂದೇ ಕ್ಯಾಮೆರಾದ ಚಿತ್ರೀಕರಣದಲ್ಲಿ ಅದು ಗಂಟೆಗಳ ನಂತರ ಬೇರೆಯಾಗಿ ತೆಗೆದ ಚಿತ್ರಿಕೆಯಾಗಿರಬಹುದು. ಆದ್ದರಿಂದ ಹಳೆಯ ಸ್ಟುಡಿಯೊ ರೂಪಾಂತರವನ್ನು ನೋಡುವಾಗ ಮಾತನಾಡುವವರನ್ನು ಬಿಟ್ಟು ಕೇಳುವವರನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. 1980ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಕಥಾನಾಯಕಿ ಎಲಿಜಬೆತ್‌ಳ ಪಾತ್ರ ಮಾಡಿದ ಎಲಿಜಬೆತ್ ಗಾರ್ವಿಯ ಅಭಿನಯದ ಹೆಚ್ಚುಗಾರಿಕೆ ನನಗೆ ಕಂಡದ್ದೇ ಹೀಗೆ ನೋಡಲು ಕಲಿತ ಮೇಲೆ.

ಆದರೆ ಮಿತಿಯ ಹೆಸರಿನಲ್ಲಿ ಎಲ್ಲವನ್ನೂ ಮನ್ನಿಸಬೇಕಾಗಿಲ್ಲ. ಅದೇ ಬಿಬಿಸಿ 1972ರಲ್ಲಿ 'ವಾರ್ ಅಂಡ್ ಪೀಸ್' ಅನ್ನು ಇಪ್ಪತ್ತು ಕಂತುಗಳಲ್ಲಿ ತಂದು, ಯುದ್ಧದ ದೃಶ್ಯಗಳಿಗಾಗಿ ಯುಗೊಸ್ಲಾವಿಯಕ್ಕೆ ಹೋಗಿತ್ತು. ಬ್ರಿಟನ್ನಿನ ಇನ್ನೊಂದು ಟಿವಿ ಸಂಸ್ಥೆಯಾದ ಗ್ರೆನಡಾ 1981ರ 'ಬ್ರೈಡ್ಸ್‌ಹೆಡ್ ರೀವಿಸಿಟೆಡ್' ಧಾರಾವಾಹಿಯ ಹನ್ನೊಂದು ಕಂತುಗಳನ್ನೂ ಫಿಲ್ಮಿನ ಮೇಲೆಯೇ ತೆಗೆಯಿತು. ಅದೇ ಕಾಲದಲ್ಲಿ ಇತರರಿಗೆ ಸಾಧ್ಯವಾದದ್ದು ಯಾವುದು, ಅದೇ ಸಲಕರಣೆಯನ್ನು ಇನ್ನೊಬ್ಬರು ಹೇಗೆ ಬಳಸಿದರು ಎಂದು ಕೇಳಿದರೆ ಮಿತಿ ಎಲ್ಲಿ ಮುಗಿದು ಉದಾಸೀನ ಎಲ್ಲಿ ಆರಂಭವಾಯಿತು ಎಂಬುದು ತಿಳಿಯುತ್ತದೆ. ಮಾತಿನ ಅರ್ಥ ತಿಳಿಯದೆ ಒಪ್ಪಿಸುವ ನಟನಿಗೆ ಯಾವ ಯುಗದಲ್ಲೂ ವಿನಾಯಿತಿ ಇಲ್ಲ.

ಕಾದಂಬರಿಯನ್ನು ಹೇಗೆ ಓದಿಕೊಳ್ಳಬೇಕು

ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಧಾರಾವಾಹಿ ನೋಡಬಾರದು. ಹಾಗೆ ಮಾಡಿದರೆ ಯಾವ ಸಾಲು ಬಿಟ್ಟುಹೋಯಿತು ಎಂಬ ಪಟ್ಟಿ ಬೆಳೆಯುತ್ತದೆಯೇ ಹೊರತು ಬೇರೇನೂ ದಕ್ಕುವುದಿಲ್ಲ. ಹಿಂದೆ ಯಾವಾಗಲೋ ಓದಿದ್ದರೆ ಮೂರು ಜಾಗಗಳನ್ನು ಮಾತ್ರ ಮತ್ತೆ ಓದಿ: ಮೊದಲ ಅಧ್ಯಾಯ, ಕಥೆಯ ಒತ್ತಡ ತುತ್ತತುದಿ ಮುಟ್ಟುವ ಒಂದು ದೃಶ್ಯ, ಮತ್ತು ಕೊನೆಯ ಕೆಲವು ಪುಟಗಳು. ಓದುವಾಗ ಏನಾಯಿತು ಎಂಬುದಕ್ಕಿಂತ ಯಾರು ಹೇಳುತ್ತಿದ್ದಾರೆ, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ನಿರೂಪಕರು ನಮ್ಮಿಂದ ಏನನ್ನು ಮುಚ್ಚಿಡುತ್ತಿದ್ದಾರೆ ಎಂಬುದರ ಮೇಲೆ ಗಮನವಿರಲಿ. ರೂಪಾಂತರದ ನಿಜವಾದ ಕಷ್ಟ ಇರುವುದು ಇಲ್ಲಿ. ಘಟನೆಗಳನ್ನು ಯಾರು ಬೇಕಾದರೂ ತೆರೆಗೆ ಸಾಗಿಸಬಹುದು, ನಿರೂಪಕರ ದನಿಯನ್ನು ಸಾಗಿಸಲು ಸಿದ್ಧ ವಾಹನ ಇಲ್ಲ.

ನಿರೂಪಕರ ದನಿ ಎಲ್ಲಿ ಹೋಯಿತು?

ನನ್ನ ಮಟ್ಟಿಗೆ ಇಡೀ ಪರೀಕ್ಷೆಯ ಜೀವಾಳ ಈ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ಉತ್ತರ ಕಂಡುಕೊಂಡಿದ್ದಾರೆ. 'ಬ್ರೈಡ್ಸ್‌ಹೆಡ್'ನಲ್ಲಿ ಚಾರ್ಲ್ಸ್ ರೈಡರ್ ಎಂಬಾತ ತನ್ನ ಕಳೆದ ಕಾಲವನ್ನು ನೆನೆಯುತ್ತಾ ಕಥೆ ಹೇಳುತ್ತಾನೆ, ಧಾರಾವಾಹಿ ಅದನ್ನು ಜೆರೆಮಿ ಐರನ್ಸ್ ಅವರ ಹಿನ್ನೆಲೆ ಧ್ವನಿಯಲ್ಲಿ ಧಾರಾಳವಾಗಿ ಉಳಿಸಿಕೊಂಡಿತು. ಹಿನ್ನೆಲೆ ಧ್ವನಿ ಸೋಮಾರಿಗಳ ಉಪಾಯ ಎಂಬ ಮಾತನ್ನು ಬಹಳ ಜನ ಹೇಳುತ್ತಾರೆ. ಅದು ಎಲ್ಲೆಡೆ ಸಲ್ಲುವ ಮಾತಲ್ಲ. ಚಿತ್ರ ತೋರಿಸುತ್ತಿರುವುದನ್ನೇ ಧ್ವನಿ ಹೇಳಿದರೆ ಅದು ವ್ಯರ್ಥ. ಚಿತ್ರದಲ್ಲಿ ಯೌವನ ನಗುತ್ತಿರುವಾಗ ಧ್ವನಿಯಲ್ಲಿ ನಡುವಯಸ್ಸಿನ ನಷ್ಟ ಕೇಳಿಸಿದರೆ, ಎರಡು ಕಾಲಗಳು ಒಂದೇ ಕ್ಷಣದಲ್ಲಿ ಕೂಡುತ್ತವೆ. ಕಾದಂಬರಿ ಮಾಡುವುದೂ ಅದನ್ನೇ ಅಲ್ಲವೇ? ಹಿನ್ನೆಲೆ ಧ್ವನಿ ಬಂದಾಗಲೆಲ್ಲ ಅದು ಚಿತ್ರಕ್ಕೆ ಏನನ್ನು ಕೂಡಿಸಿತು ಎಂದು ಕೇಳಿಕೊಂಡರೆ ಸಾಕು.

ಚಾರ್ಲ್ಸ್ ಡಿಕನ್ಸ್ ಅವರ 'ಬ್ಲೀಕ್ ಹೌಸ್' ಕಾದಂಬರಿ ಇನ್ನೊಂದು ಬಗೆಯ ಸವಾಲು. ಅದರ ಅರ್ಧ ಕಥೆಯನ್ನು ಎಸ್ತರ್ ಎಂಬ ಯುವತಿ ಹೇಳಿದರೆ, ಇನ್ನರ್ಧವನ್ನು ಊರೆಲ್ಲ ಸುತ್ತಾಡುವ, ಎಲ್ಲವನ್ನೂ ಕಾಣಬಲ್ಲ ಹೆಸರಿಲ್ಲದ ದನಿಯೊಂದು ವರ್ತಮಾನ ಕಾಲದಲ್ಲಿ ಹೇಳುತ್ತದೆ. ಬಿಬಿಸಿಯ 1985ರ ಎಂಟು ಕಂತುಗಳ ರೂಪಾಂತರವನ್ನಾಗಲಿ 2005ರ ಹದಿನೈದು ಕಂತುಗಳದ್ದನ್ನಾಗಲಿ ನೋಡುವಾಗ, ಆ ಎರಡನೆಯ ದನಿಯ ಕೋಪ ಮತ್ತು ವಿಸ್ತಾರ ಎಲ್ಲಿ ಸೇರಿಕೊಂಡಿದೆ ಎಂದು ಹುಡುಕಬೇಕು. ಮಂಜಿನಲ್ಲೋ, ಕಚೇರಿಯ ಕಾಗದದ ರಾಶಿಯಲ್ಲೋ, ಒಂದು ದೃಶ್ಯದಿಂದ ಇನ್ನೊಂದಕ್ಕೆ ಜಿಗಿಯುವ ಸಂಕಲನದಲ್ಲೋ ಅದು ಸಿಗಬಹುದು. ಈ ಕಾದಂಬರಿ 1852-53ರಲ್ಲಿ ತಿಂಗಳಿಗೊಂದು ಸಂಚಿಕೆಯಾಗಿ ಹೊರಬಂದದ್ದೆಂಬುದನ್ನೂ ನೆನಪಿಡಬೇಕು. ಕಂತುಗಳಲ್ಲಿ ಹೇಳುವುದು ಇಲ್ಲಿ ಕಿರುತೆರೆ ಹೊರಗಿನಿಂದ ತಂದ ಪದ್ಧತಿಯಲ್ಲ, ಕೃತಿ ಹುಟ್ಟಿದ್ದೇ ಹಾಗೆ. ಅಂಥ ಕಾದಂಬರಿಯ ಧಾರಾವಾಹಿ ಕಂತಿನ ಕೊನೆಯನ್ನು ಸರಿಯಾದ ಜಾಗದಲ್ಲಿ ಮುರಿಯದಿದ್ದರೆ ಅದನ್ನು ದೊಡ್ಡ ದೋಷವೆಂದೇ ಎಣಿಸಬೇಕು.

ನಿರೂಪಕರ ದನಿಯನ್ನು ಉಳಿಸಿಕೊಳ್ಳಲು ಮಾತೇ ಬೇಕೆಂದೇನಿಲ್ಲ. ದೇಶವಿಭಜನೆಯ ಹೊತ್ತಿನ ಗಲಭೆಗಳ ಕಥೆಯಾದ ಭೀಷ್ಮ ಸಾಹ್ನಿಯವರ 'ತಮಸ್' ಕಾದಂಬರಿಯ ಆರಂಭದಲ್ಲಿ ನತ್ಥು ಎಂಬಾತ ಮಂದ ಬೆಳಕಿನ ಗುಡಿಸಲಿನೊಳಗೆ ಒಂದು ಹಂದಿಯನ್ನು ಕೊಲ್ಲಲು ಹೆಣಗುತ್ತಾನೆ. ಯಾರಿಗಾಗಿ, ಯಾತಕ್ಕಾಗಿ ಎಂಬುದು ಅವನಿಗೂ ಪೂರ್ತಿ ತಿಳಿದಿಲ್ಲ, ಓದುಗರಿಗೂ ತಿಳಿದಿಲ್ಲ. ಗೋವಿಂದ ನಿಹಲಾನಿ 1988ರಲ್ಲಿ ದೂರದರ್ಶನಕ್ಕೆ ಇದನ್ನು ತಂದಾಗ ಆ ಹೆಣಗಾಟವನ್ನು ಆತುರದಲ್ಲಿ ಮುಗಿಸಲಿಲ್ಲ. ಓಂ ಪುರಿಯವರ ಬೆವರು, ಏದುಸಿರು, ಇಕ್ಕಟ್ಟಾದ ಜಾಗ ಇವೇ ಅಲ್ಲಿ ನಿರೂಪಣೆ ಮಾಡುತ್ತವೆ, ಮುಂದೆ ಆಗುವ ಅನಾಹುತದ ಭಾರ ಆ ನಿಮಿಷಗಳಲ್ಲೇ ಎದೆಯ ಮೇಲೆ ಕೂರುತ್ತದೆ. ಲೇಖಕ ಸಾಹ್ನಿಯವರೇ ಇದರಲ್ಲಿ ಹರನಾಮ್ ಸಿಂಗ್ ಪಾತ್ರ ವಹಿಸಿದ್ದರು. ಲೇಖಕರು ಜೊತೆಗಿದ್ದ ಮಾತ್ರಕ್ಕೆ ರೂಪಾಂತರ ಗೆದ್ದಿತೆಂದು ನಾನು ಹೇಳಲಾರೆ, ಗೆದ್ದದ್ದು ಆ ಮೊದಲ ದೃಶ್ಯದ ತಾಳ್ಮೆಯಿಂದ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಪರೀಕ್ಷೆಯಿದೆ, ಅದನ್ನು ನಾನು ಯಾವ ರೂಪಾಂತರಕ್ಕೂ ತಪ್ಪದೆ ಹಚ್ಚುತ್ತೇನೆ. ಕಾದಂಬರಿ ಓದುಗರನ್ನು ಎಲ್ಲಿ ತಪ್ಪು ದಾರಿಗೆ ಎಳೆಯುತ್ತದೆಯೋ ಅಲ್ಲಿ ಧಾರಾವಾಹಿ ನೋಡುಗರನ್ನೂ ಎಳೆಯುತ್ತದೆಯೇ? 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ವಿಕಮ್ ಎಂಬ ಸೇನಾಧಿಕಾರಿ ಕಥಾನಾಯಕ ಡಾರ್ಸಿಯ ಮೇಲೆ ಹೊರಿಸುವ ಆರೋಪವನ್ನು ಎಲಿಜಬೆತ್ ನಂಬುತ್ತಾಳೆ, ಮೊದಲ ಸಲ ಓದುವವರೂ ಅವಳೊಡನೆ ನಂಬುತ್ತಾರೆ. ಹಾಗೆ ನಂಬಿದ್ದಕ್ಕೆ ಮುಂದೆ ಅವಳು ನಾಚುವಾಗ ನಮಗೂ ನಾಚಿಕೆಯಾಗಬೇಕು, ಶೀರ್ಷಿಕೆಯ ಪೂರ್ವಗ್ರಹ ನಮ್ಮದೂ ಆಗಬೇಕು. ವಿಕಮ್ ಪಾತ್ರಧಾರಿ ಮೊದಲ ನೋಟದಲ್ಲೇ ಕಳ್ಳನಗೆ ಬೀರಿದರೆ, ಅಥವಾ ಅವನು ಬಂದಾಗ ಸಂಗೀತ ಎಚ್ಚರಿಕೆಯ ಸ್ವರ ನುಡಿಸಿದರೆ, ನೋಡುಗರು ಎಲಿಜಬೆತ್‌ಗಿಂತ ಬುದ್ಧಿವಂತರಾಗಿಬಿಡುತ್ತಾರೆ, ಅಲ್ಲಿಗೆ ಕಾದಂಬರಿ ಕಟ್ಟಿದ ಮನೆ ಕುಸಿದಂತೆಯೇ. ಉಡುಪು, ಗಾಡಿ, ಮನೆ ಎಲ್ಲವೂ ಸರಿಯಿದ್ದು ಇದೊಂದು ತಪ್ಪಿದ ರೂಪಾಂತರವನ್ನು ನಾನು ನಿಷ್ಠವಾದದ್ದೆಂದು ಒಪ್ಪಲಾರೆ.

ಒಂದು ದೃಶ್ಯವನ್ನು ಹತ್ತಿರದಿಂದ

ಹತ್ತಾರು ದೃಶ್ಯಗಳನ್ನು ಮೇಲೆ ಮೇಲೆ ಹೋಲಿಸುವುದಕ್ಕಿಂತ ಒಂದೇ ದೃಶ್ಯವನ್ನು ಬಿಡಿಬಿಡಿಯಾಗಿ ಹೋಲಿಸುವುದು ಹೆಚ್ಚು ಕಲಿಸುತ್ತದೆ. ಇದೇ ಕಾದಂಬರಿಯ ನಡುವಿನಲ್ಲಿ ಡಾರ್ಸಿ ಮೊದಲ ಸಲ ಮದುವೆಯ ಪ್ರಸ್ತಾಪ ಮಾಡುವ ದೃಶ್ಯವನ್ನು ತೆಗೆದುಕೊಳ್ಳಿ. ಒಂದು ಹಾಳೆಯನ್ನು ಎರಡು ಭಾಗ ಮಾಡಿ, ಪಾತ್ರಗಳ ಬಾಯಿಂದ ನೇರವಾಗಿ ಬಂದ ಮಾತುಗಳನ್ನು ಒಂದು ಕಡೆಯೂ ನಿರೂಪಕಿ ತನ್ನ ಮಾತಿನಲ್ಲಿ ಸಂಗ್ರಹಿಸಿದ್ದನ್ನು ಇನ್ನೊಂದು ಕಡೆಯೂ ಬರೆದುಕೊಳ್ಳಿ. ಬರೆದ ಮೇಲೆ ಆಶ್ಚರ್ಯವಾಗುತ್ತದೆ. ಡಾರ್ಸಿ ಆರಂಭದಲ್ಲಿ ನಾಲ್ಕು ವಾಕ್ಯ ಮಾತ್ರ ತಾನೇ ಆಡುತ್ತಾನೆ. ಆಮೇಲೆ ಅವನು ಬಹಳ ಹೊತ್ತು ಮಾತನಾಡಿದನೆಂದೂ ಪ್ರೀತಿಯ ಬಗ್ಗೆ ಹೇಳಿದಷ್ಟೇ ಉತ್ಸಾಹದಿಂದ ಅವಳ ಮನೆತನದ ಕೀಳುಮಟ್ಟದ ಬಗ್ಗೆಯೂ ಹೇಳಿದನೆಂದೂ ನಿರೂಪಕಿ ತಿಳಿಸುತ್ತಾಳೆ, ಆ ಮಾತುಗಳನ್ನು ಕೊಡುವುದಿಲ್ಲ. ಎಲಿಜಬೆತ್‌ಳ ತಿರಸ್ಕಾರ ಮಾತ್ರ ಅವಳದೇ ಮಾತಿನಲ್ಲಿ, ಪೂರ್ತಿಯಾಗಿ ಇದೆ. ಕೊನೆಯಲ್ಲಿ ಅವಳು ಅವನನ್ನು ಒಪ್ಪಿಕೊಳ್ಳುವ ದೃಶ್ಯದಲ್ಲೂ ಲೇಖಕಿ ಅವಳ ಉತ್ತರವನ್ನು ಹೀಗೆಯೇ ಮರೆಯಲ್ಲಿಡುತ್ತಾಳೆ.

ತೆರೆಯ ಮೇಲೆ ಡಾರ್ಸಿ ಸುಮ್ಮನೆ ತುಟಿ ಆಡಿಸುವಂತಿಲ್ಲ. ಚಿತ್ರಕಥೆ ಬರೆದವರು, ಅಂದರೆ 1980ರಲ್ಲಿ ಫೇ ವೆಲ್ಡನ್ ಮತ್ತು 1995ರಲ್ಲಿ ಆಂಡ್ರ್ಯೂ ಡೇವಿಸ್, ಇಲ್ಲದ ಮಾತುಗಳನ್ನು ಹುಟ್ಟಿಸಲೇಬೇಕು. ಹೀಗಿರುವಾಗ 'ಪುಸ್ತಕದ ಮಾತುಗಳನ್ನೇ ಉಳಿಸಿಕೊಂಡಿದ್ದಾರೆಯೇ' ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇರುವುದಿಲ್ಲ. ಕೇಳಬೇಕಾದದ್ದು ಹೀಗೆ: ಹೊಸದಾಗಿ ಬರೆದ ಮಾತುಗಳು ಎಲಿಜಬೆತ್‌ಳ ಮುಂದಿನ ಕೋಪವನ್ನು ಸಂಪಾದಿಸಿಕೊಡುವಷ್ಟು ಅವಮಾನಕರವಾಗಿವೆಯೇ, ಮತ್ತು ಅದೇ ಸಮಯದಲ್ಲಿ ತಾನು ಅವಮಾನ ಮಾಡುತ್ತಿದ್ದೇನೆಂದು ಡಾರ್ಸಿಗೆ ತಿಳಿಯದಷ್ಟು ಪ್ರಾಮಾಣಿಕವಾಗಿವೆಯೇ? ಮೊದಲನೆಯದು ಕಡಿಮೆಯಾದರೆ ಅವಳು ಸಿಡುಕಿಯಾಗಿ ಕಾಣುತ್ತಾಳೆ, ಎರಡನೆಯದು ಕಡಿಮೆಯಾದರೆ ಅವನು ದುರುಳನಾಗಿ ಕಾಣುತ್ತಾನೆ.

ಇನ್ನು ಮೌನಗಳಿಗೆ ಬನ್ನಿ. ಕಾದಂಬರಿಯಲ್ಲಿ ಡಾರ್ಸಿ ಒಳಗೆ ಬಂದು, ಸ್ವಲ್ಪ ಹೊತ್ತು ಕುಳಿತು, ಎದ್ದು ಕೋಣೆಯಲ್ಲಿ ಓಡಾಡುತ್ತಾನೆ, ಹಲವು ನಿಮಿಷಗಳ ಮೌನದ ನಂತರ ಬಾಯಿಬಿಡುತ್ತಾನೆ. ಅವನು ಹೊರಟುಹೋದ ಮೇಲೆ ಎಲಿಜಬೆತ್ ನಿಲ್ಲಲಾರದೆ ಕುಳಿತು ಅರ್ಧ ಗಂಟೆ ಅಳುತ್ತಾಳೆ. ಈ ಎರಡು ಜಾಗಗಳಿಗೆ ಗಡಿಯಾರ ಹಿಡಿದು, ಧಾರಾವಾಹಿ ಎಷ್ಟು ಸೆಕೆಂಡು ಕೊಟ್ಟಿದೆ ಎಂದು ಅಳೆಯಿರಿ. ಹಲವು ನಿಮಿಷದ ಮೌನವನ್ನು ಯಾವ ಧಾರಾವಾಹಿಯೂ ಹಾಗೆಯೇ ಇಡಲಾರದು, ಆದರೆ ಹತ್ತು ಸೆಕೆಂಡು ಇಟ್ಟದ್ದಕ್ಕೂ ಮೂರು ಸೆಕೆಂಡು ಇಟ್ಟದ್ದಕ್ಕೂ ಅಜಗಜಾಂತರವಿದೆ. ಆ ಅಳು ಉಳಿದಿದೆಯೇ, ಉಳಿಯದಿದ್ದರೆ ಅದರ ಜಾಗದಲ್ಲಿ ಏನು ಬಂದಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಅಳುವ ಎಲಿಜಬೆತ್‌ಳನ್ನು ತೋರಿಸಲು ಹಿಂಜರಿಯುವ ರೂಪಾಂತರ ಅವಳ ಬಗ್ಗೆ ತನ್ನದೇ ಆದ ಅಭಿಪ್ರಾಯವೊಂದನ್ನು ಹೇಳುತ್ತಿರುತ್ತದೆ.

ಇದೇ ದೃಶ್ಯವನ್ನು ಒಮ್ಮೆ ಧ್ವನಿ ಅಡಗಿಸಿ ನೋಡಿ, ಇನ್ನೊಮ್ಮೆ ಕಣ್ಣುಮುಚ್ಚಿ ಕೇಳಿ. ಹಳೆಯ ಸ್ಟುಡಿಯೊ ಧಾರಾವಾಹಿಗಳು ಎರಡನೆಯ ಪರೀಕ್ಷೆಯಲ್ಲಿ ಬಹುತೇಕ ಗೆಲ್ಲುತ್ತವೆ, ಏಕೆಂದರೆ ಅವು ಮಾತನ್ನು ನಂಬಿ ಕಟ್ಟಿದವು. ಫಿಲ್ಮಿನ ಮೇಲೆ ತೆಗೆದವು ಮೊದಲನೆಯದರಲ್ಲಿ ಮುಂದಿರುತ್ತವೆ. ಎರಡರಲ್ಲೂ ನಿಲ್ಲುವುದು ಸಿಕ್ಕರೆ ಅದು ಅಪರೂಪದ ಕೆಲಸ.

ಬಿಟ್ಟದ್ದು, ಸೇರಿಸಿದ್ದು, ಪಾತ್ರಕ್ಕೆ ಆರಿಸಿದವರು

ಬಿಟ್ಟ ದೃಶ್ಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಟ್ಟದ್ದು ಕಥೆಯಲ್ಲಿ ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸ ಬೇರೆಡೆ ನಡೆದಿದೆಯೇ ಎಂದು ನೋಡಿದರೆ ಸಾಕು. ಸೇರಿಸಿದ ದೃಶ್ಯಗಳಿಗೂ ಅದೇ ಅಳತೆ. 1995ರ ಡಾರ್ಸಿ ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ಎಲಿಜಬೆತ್‌ಳ ಎದುರಾಗುವುದು ಕಾದಂಬರಿಯಲ್ಲಿ ಇಲ್ಲ. ಅಲ್ಲಿ ಅವರಿಬ್ಬರು ಅನಿರೀಕ್ಷಿತವಾಗಿ ಭೇಟಿಯಾಗಿ ಇಬ್ಬರೂ ಮುಖ ಕೆಂಪಾಗಿಸಿಕೊಳ್ಳುತ್ತಾರೆ ಅಷ್ಟೆ. ಆ ಮುಜುಗರವನ್ನು ದೇಹದ ಭಾಷೆಗೆ ತಂದದ್ದು ಜಾಣತನವೆಂದು ನನಗೆ ಅನಿಸುತ್ತದೆ, ಆದರೆ ಅದರಿಂದಾಗಿ ಕಥೆಯ ತೂಕ ಎಲಿಜಬೆತ್‌ಳ ಮನಸ್ಸಿನಿಂದ ಡಾರ್ಸಿಯ ಕಡೆಗೆ ಸರಿದದ್ದೂ ನಿಜ. ಸೇರ್ಪಡೆ ಇಷ್ಟವಾಯಿತೇ ಎಂಬುದರ ಜೊತೆಗೆ ಅದು ತಕ್ಕಡಿಯನ್ನು ಯಾವ ಕಡೆ ವಾಲಿಸಿತು ಎಂಬುದನ್ನೂ ಬರೆಯಬೇಕು.

ಎಲ್ಲವನ್ನೂ ಉಳಿಸಿಕೊಳ್ಳುವುದು ಗೆಲುವಿನ ಗುರುತಲ್ಲ ಎಂಬುದಕ್ಕೆ ಬಿಬಿಸಿಯ 1983ರ 'ಜೇನ್ ಐರ್' ಒಳ್ಳೆಯ ಉದಾಹರಣೆ. ಅರ್ಧ ಗಂಟೆಯ ಹನ್ನೊಂದು ಕಂತುಗಳು ಸಿಕ್ಕಿದ್ದರಿಂದ ಅದು ಕಾದಂಬರಿಯ ಸಂಭಾಷಣೆಯನ್ನು ಧಾರಾಳವಾಗಿ ಉಳಿಸಿಕೊಂಡಿತು, ಕಥಾನಾಯಕ ರೊಚೆಸ್ಟರ್ ಕಣಿ ಹೇಳುವ ಹೆಂಗಸಿನ ವೇಷ ಹಾಕಿಕೊಂಡು ಬರುವ ಪ್ರಸಂಗವನ್ನೂ ಸೇರಿಸಿಕೊಂಡಿತು. ಆದರೆ ರೊಚೆಸ್ಟರ್ 'ನಾನು ನಿನ್ನ ಕಣ್ಣಿಗೆ ಚೆಲುವನಾಗಿ ಕಾಣುತ್ತೇನೆಯೇ' ಎಂಬರ್ಥದಲ್ಲಿ ಕೇಳಿದಾಗ ಜೇನ್ ಇಲ್ಲವೆಂದು ಥಟ್ಟನೆ ಹೇಳಿಬಿಡುವ ಮಾತು, ಎದುರಿಗೆ ಟಿಮತಿ ಡಾಲ್ಟನ್ ಅವರಂಥ ರೂಪವಂತ ಕುಳಿತಿರುವಾಗ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಪುಸ್ತಕದಲ್ಲಿ ಅದು ಅವಳ ನೇರ ನಡೆಗೆ ಸಾಕ್ಷಿ, ತೆರೆಯ ಮೇಲೆ ಅವಳ ಕಣ್ಣೇ ಸರಿಯಿಲ್ಲವೇನೋ ಎನಿಸುತ್ತದೆ. ಸಾಲು ಉಳಿದು ಅರ್ಥ ಕಳೆದುಹೋದ ಜಾಗ ಅದು. ಹಾಗಿದ್ದೂ ಡಾಲ್ಟನ್ ಅವರ ಸಿಟ್ಟು, ಚುರುಕು, ಒಳಗೆ ಕುದಿಯುವ ಸಂಕಟ ಪಾತ್ರಕ್ಕೆ ಎಷ್ಟು ಒಪ್ಪುತ್ತವೆಯೆಂದರೆ ನಾನು ಆ ಆಯ್ಕೆಯನ್ನು ತಪ್ಪೆನ್ನಲು ಇಂದಿಗೂ ಸಿದ್ಧನಿಲ್ಲ. ಪಾತ್ರವರ್ಗವನ್ನು ತೂಗುವಾಗ ರೂಪ, ವಯಸ್ಸು, ಸ್ವಭಾವ ಮೂರನ್ನೂ ಬೇರೆ ಬೇರೆಯಾಗಿ ತೂಗಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುವುದುಂಟು. ವಯಸ್ಸಿನ ವಿಷಯದಲ್ಲಿ ಹಳೆಯ ರೂಪಾಂತರಗಳು ಹೆಚ್ಚು ಸಡಿಲವಾಗಿರುತ್ತವೆ. ಕಾದಂಬರಿಯ ಎಲಿಜಬೆತ್‌ಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ ಎಂಬುದು ನೆನಪಿದ್ದರೆ ಅವಳ ಹಲವು ತಪ್ಪುಗಳು ಬೇರೆಯಾಗಿಯೇ ಕಾಣುತ್ತವೆ.

ರೂಪಾಂತರದ ಕಾಲವೂ ತನ್ನ ಗುರುತು ಬಿಟ್ಟಿರುತ್ತದೆ. 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಕಾದಂಬರಿಯಲ್ಲಿ ಮನೆಯ ಯಜಮಾನನಿಗೆ ಆಂಟಿಗುವಾದಲ್ಲಿ ಆಸ್ತಿಯಿದೆ, ಗುಲಾಮರ ವ್ಯಾಪಾರದ ಮಾತು ಒಮ್ಮೆ ಬಂದು ಮೌನದಲ್ಲಿ ಮುಗಿಯುತ್ತದೆ. 1999ರ ಚಲನಚಿತ್ರ ಅದನ್ನೇ ಮುನ್ನೆಲೆಗೆ ತಂದಿತು, ಬಿಬಿಸಿಯ 1983ರ ಧಾರಾವಾಹಿಗೆ ಅದು ಮುಖ್ಯವೆನಿಸಲಿಲ್ಲ. ನಂತರದವರು ಕೇಳಿದ ಪ್ರಶ್ನೆಯನ್ನು ಮೊದಲಿನವರು ಏಕೆ ಕೇಳಲಿಲ್ಲವೆಂದು ಗದರುವುದು ಸುಲಭ. ಪುಸ್ತಕದಲ್ಲಿದ್ದ ಆ ಮೌನವನ್ನು ಯಾವುದು ಮೌನವಾಗಿಯೇ ಕೇಳಿಸಿತು ಎಂದು ನೋಡುವುದು ಹೆಚ್ಚು ಉಪಯುಕ್ತ.

ತೀರ್ಪನ್ನು ಬರೆಯುವಾಗ

ಮೊದಲು ನೋಡಿದ ರೂಪಾಂತರ ಮನಸ್ಸಿನಲ್ಲಿ ಮೂಲಕೃತಿಯ ಪೀಠದಲ್ಲಿ ಕುಳಿತುಬಿಡುತ್ತದೆ, ಆಮೇಲೆ ನೋಡಿದ್ದೆಲ್ಲ ಅದರಿಂದ ದೂರ ಸರಿದಷ್ಟೂ ತಪ್ಪೆನಿಸುತ್ತದೆ. ಆದ್ದರಿಂದ ಎರಡು ರೂಪಾಂತರಗಳನ್ನು ಹೋಲಿಸುವುದಿದ್ದರೆ ನಡುವೆ ಕೆಲವು ವಾರಗಳ ಅಂತರವಿರಲಿ, ನಡುವೆ ಕಾದಂಬರಿಯ ಆ ಮೂರು ಜಾಗಗಳನ್ನು ಮತ್ತೊಮ್ಮೆ ಓದಿ. ದಿನಕ್ಕೆ ಒಂದು ಕಂತಿಗಿಂತ ಹೆಚ್ಚು ನೋಡಬೇಡಿ. ವಾರಕ್ಕೊಂದರಂತೆ ನೋಡಲೆಂದು ಕಟ್ಟಿದ್ದನ್ನು ಒಂದೇ ರಾತ್ರಿ ನುಂಗಿದರೆ, ನೆನಪಿಗಾಗಿ ಮಾಡಿದ ಪುನರಾವರ್ತನೆಗಳೆಲ್ಲ ಬೇಸರವಾಗಿ ಕಾಣುತ್ತವೆ.

'ನಿಧಾನ' ಎಂಬ ಪದವನ್ನು ಬರೆಯುವ ಮೊದಲು ಯಾವ ಕಂತು, ಯಾವ ದೃಶ್ಯ, ಅಲ್ಲಿ ಏನು ನಡೆಯಬೇಕಿತ್ತು ಎಂದು ನಿಮಗೆ ನೀವೇ ಹೇಳಿಕೊಳ್ಳಿ. ಹೇಳಲು ಆಗದಿದ್ದರೆ ಆ ಪದವನ್ನು ಹೊಡೆದುಹಾಕಿ. 'ನಾಟಕೀಯ' ಎಂಬುದಕ್ಕೂ ಹಾಗೆಯೇ ಯಾರ ಯಾವ ಮಾತು ಎಂದು ಬೆರಳಿಟ್ಟು ತೋರಿಸಬೇಕು. 'ಮೂಲಕ್ಕೆ ನಿಷ್ಠ' ಎಂದು ಬರೆದರೆ ಘಟನೆಗೆ ನಿಷ್ಠವೋ, ಮಾತಿಗೋ, ದನಿಗೋ ಎಂಬುದನ್ನು ಬಿಡಿಸಿ ಹೇಳಿ. ಪ್ರತಿಯ ದೋಷವನ್ನು ಒಂದು ವಾಕ್ಯದಲ್ಲಿ ಮೊದಲೇ ತಿಳಿಸಿಬಿಟ್ಟರೆ ಓದುವವರು ಒಳ್ಳೆಯ ಪ್ರತಿ ಹುಡುಕಿಕೊಳ್ಳುತ್ತಾರೆ.

ಬರೆದದ್ದನ್ನು ಒಂದು ವಾರ ಬದಿಗಿಟ್ಟು, ಮೊದಲ ಕಂತಿನ ಆ ಹದಿನೈದು ನಿಮಿಷಗಳನ್ನು ಮತ್ತೆ ಹಾಕಿ ನೋಡಿ. 1980ರ ಡಾರ್ಸಿಯಾಗಿ ಡೇವಿಡ್ ರಿಂಟೂಲ್ ಮರದ ಬೊಂಬೆಯಂತೆ ನಿಂತಿದ್ದಾರೆಂದು ನನ್ನ ಹಳೆಯ ಟಿಪ್ಪಣಿಯಲ್ಲಿ ಇತ್ತು. ಪ್ರಸ್ತಾಪದ ದೃಶ್ಯವನ್ನು ನೋಡಿ ಮುಗಿಸಿ ಹಿಂದಕ್ಕೆ ಬಂದಾಗ, ಆ ಬಿಗಿತ ಮೈ ಸಡಿಲ ಬಿಟ್ಟ ಕೂಡಲೆ ಬೀಳುವೆನೆಂಬ ಭಯದಿಂದ ನಿಂತವನದೆಂದು ಕಂಡಿತು. ಬೆಳಕು ಮಾತ್ರ ಈಗಲೂ ಚಪ್ಪಟೆಯಾಗಿಯೇ ಇದೆ, ಕೆಲವು ಒಳಾಂಗಣದ ದೃಶ್ಯಗಳು ಈಗಲೂ ನನಗೆ ಉದ್ದವೆನಿಸುತ್ತವೆ. ಟಿಪ್ಪಣಿಯಲ್ಲಿ ಆ ಎರಡು ಸಾಲುಗಳನ್ನು ಹಾಗೆಯೇ ಉಳಿಸಿ, ಮೂರನೆಯದನ್ನು ಹೊಡೆದುಹಾಕಿದೆ.